ಹಳೇ ಪ್ರೋಗ್ ಆಲ್ಬಂಗಳಿಗೆ 24 ಬಿಟ್ ಬೇಕಾ, ಸಿಡಿ ಸಾಕಾ? ಮೊದಲು ಯಾವ ಮಾಸ್ಟರ್ ಅಂತ ನೋಡಿ

ನಿಮ್ಮ ಪ್ರಶ್ನೆ ಹೀಗಿತ್ತು: ಯೆಸ್, ಕಿಂಗ್ ಕ್ರಿಮ್ಸನ್, ಜೆನೆಸಿಸ್, ಜೆಥ್ರೋ ಟಲ್ ಈ ಪ್ರೋಗ್ (ಪ್ರೋಗ್ರೆಸಿವ್ ರಾಕ್) ಬ್ಯಾಂಡ್‌ಗಳ ಹಳೇ ಆಲ್ಬಂಗಳನ್ನು ಒಳ್ಳೆಯ ಕ್ವಾಲಿಟಿಯಲ್ಲಿ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಬೇಕು. ಸಿಡಿಗಿಂತ (16 ಬಿಟ್, 44.1 ಕಿಲೋಹರ್ಟ್ಸ್) ದೊಡ್ಡ ನಂಬರ್‌ನ 24 ಬಿಟ್ 192 ಕಿಲೋಹರ್ಟ್ಸ್ ಫೈಲ್‌ಗೆ ದುಡ್ಡು ಹಾಕಲಾ, ಸಿಡಿ ಸಾಕಾ? ಇಲ್ಲಿಯವರೆಗೆ ಬಂದ ಉತ್ತರಗಳೆಲ್ಲ ನಂಬರ್ ಸುತ್ತಲೇ ಇವೆ. ನನ್ನ ಅನುಭವದಲ್ಲಿ ನಂಬರ್ ಕೊನೆಯ ವಿಷಯ. ಯಾವ ಟೇಪ್‌ನಿಂದ ತೆಗೆದರು, ಯಾವ ವರ್ಷ, ಮಾಸ್ಟರ್ (ಸಿಡಿಗೋ ಫೈಲ್‌ಗೋ ಹೋಗುವ ಕೊನೆಯ ಮೂಲ ಪ್ರತಿ) ಮಾಡಿದವರು ಯಾರು, ಇಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಯೆಸ್‌ನ 'ಕ್ಲೋಸ್ ಟು ದಿ ಎಡ್ಜ್' ತೆಗೆದುಕೊಳ್ಳಿ. 1972ರ ಆಲ್ಬಂ. ಎಂಬತ್ತರ ದಶಕದಲ್ಲಿ ಮೊದಲ ಸಿಡಿ ಬಂತು. 1994ರಲ್ಲಿ ಜೋ ಗ್ಯಾಸ್ಟ್‌ವರ್ಟ್ ಮಾಡಿದ ರೀಮಾಸ್ಟರ್, 2003ರಲ್ಲಿ ರೈನೋ ಕಂಪನಿಯದು, 2013ರಲ್ಲಿ ಬ್ರಿಟಿಷ್ ಸಂಗೀತಗಾರ ಸ್ಟೀವನ್ ವಿಲ್ಸನ್ ಹೊಸದಾಗಿ ಮಿಕ್ಸ್ ಮಾಡಿದ್ದು. ಹೆಸರು ಒಂದೇ, ಹಾಡುಗಳೂ ಅವೇ. ಕೇಳೋಕೆ ಮಾತ್ರ ನಾಲ್ಕೂ ಬೇರೆ ಬೇರೆ.

ಆ ಬೇರೆತನ ಎಲ್ಲಿ ಗೊತ್ತಾಗುತ್ತದೆ ಅಂದರೆ, ಮೊದಲ ಬದಿ ಪೂರ್ತಿ ತುಂಬಿರುವ ಹದಿನೆಂಟು ನಿಮಿಷ ದಾಟುವ ಆ ಒಂದೇ ಹಾಡಿನಲ್ಲಿ. ನೀರಿನ ಸದ್ದು, ಹಕ್ಕಿಗಳ ಸದ್ದು ಮೆಲ್ಲಗೆ ಏರುತ್ತಾ ಬರುತ್ತದೆ. ಆಮೇಲೆ ಇಡೀ ಬ್ಯಾಂಡ್ ಒಮ್ಮೆಗೇ ಧುಮುಕುತ್ತದೆ. ನಡುವೆ ಒಂದು ಕಡೆ ಎಲ್ಲ ತಣ್ಣಗಾಗಿ ಬರೀ ದನಿಗಳು ಒಂದರ ಮೇಲೊಂದು ತೇಲುತ್ತವೆ. ಅಲ್ಲಿಗೆ ಬ್ಯಾಂಡಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ನುಡಿಸಿದ ಪೈಪ್ ಆರ್ಗನ್ ಬರುತ್ತದೆ. ಅದು ಸ್ಟುಡಿಯೋದ ಕೀಬೋರ್ಡ್ ಅಲ್ಲ, ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನ ಆರ್ಗನ್. ಒಳ್ಳೆಯ ಪ್ರತಿಯಲ್ಲಿ ಆ ಕ್ಷಣ ಕೋಣೆಯೇ ದೊಡ್ಡದಾದಂತೆ ಅನಿಸುತ್ತದೆ, ವಾಲ್ಯೂಮ್ ಮುಟ್ಟುವುದೇ ಬೇಡ. ಅದುಮಿ ಅದುಮಿ ಜೋರು ಮಾಡಿದ ಪ್ರತಿಯಲ್ಲಿ ಮೆಲುದನಿಯೇ ಆಗಲೇ ಜೋರಾಗಿರುತ್ತದೆ. ಆರ್ಗನ್ ಬಂದರೂ ಏರಲು ಜಾಗವೇ ಇರುವುದಿಲ್ಲ. ಯಕ್ಷಗಾನದಲ್ಲಿ ಮೊದಲಿನಿಂದಲೂ ಚೆಂಡೆ ಒಂದೇ ಸಮ ಬಡಿಯುತ್ತಿದ್ದರೆ ಬಣ್ಣದ ವೇಷದ ಪ್ರವೇಶಕ್ಕೆ ಏನು ಉಳಿಯುತ್ತದೆ, ಅಲ್ವಾ?

ತೊಂಬತ್ತರ ದಶಕದ ನಡುವಿನಿಂದ ಈ ಜೋರು ಮಾಡುವ ಚಾಳಿ ಹೆಚ್ಚಾಯಿತು. ಲಿಮಿಟರ್ ಅನ್ನೋ ಸಾಧನ ಹಾಕಿ ತುಂಬ ಜೋರಾದ ಸದ್ದಿನ ತುದಿಗಳನ್ನು ಕತ್ತರಿಸಿ, ಉಳಿದದ್ದನ್ನೆಲ್ಲ ಮೇಲಕ್ಕೆ ಎತ್ತುತ್ತಾರೆ. ಇದನ್ನು ಅಳೆಯಲು ಡಿಆರ್ ಅಂತ ಒಂದು ನಂಬರ್ ಇದೆ, ಡೈನಾಮಿಕ್ ರೇಂಜ್. ನಂಬರ್ ಕಡಿಮೆ ಆದಷ್ಟೂ ಸದ್ದನ್ನು ಹೆಚ್ಚು ಅದುಮಿದ್ದಾರೆ ಅಂತ ಅರ್ಥ. ಫೂಬಾರ್ 2000 ಪ್ಲೇಯರ್‌ಗೆ ಇದರ ಪ್ಲಗಿನ್ ಸಿಗುತ್ತದೆ. ಜನ ಅಳೆದು ಹಾಕಿದ ಡೈನಾಮಿಕ್ ರೇಂಜ್ ಡೇಟಾಬೇಸ್ ಕೂಡ ಇದೆ, ಖರೀದಿಗೆ ಮುಂಚೆ ಅಲ್ಲಿ ಒಮ್ಮೆ ನೋಡಿ. ಒಂದೇ ಆಲ್ಬಂನ ಒಂದು ಸಿಡಿ 12 ಅಥವಾ 13, ಇನ್ನೊಂದು 7 ಅಥವಾ 8 ಇದ್ದರೆ ಎರಡನೆಯದನ್ನು ನಾನು ಮುಟ್ಟುವುದಿಲ್ಲ. ಒಂದು ಎಚ್ಚರಿಕೆ: ಎಲ್‌ಪಿಯಿಂದ ತೆಗೆದ ಫೈಲ್‌ಗಳಲ್ಲಿ ಈ ನಂಬರ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಹಾಗಾಗಿ ಸಿಡಿಯನ್ನು ಸಿಡಿ ಜೊತೆಗೇ ಹೋಲಿಸಿ. ಡಿಆರ್ ಜಾಸ್ತಿ ಇದ್ದ ಮಾತ್ರಕ್ಕೆ ಚೆನ್ನಾಗಿರುತ್ತದೆ ಅಂತಲೂ ಅಲ್ಲ. ಟೇಪ್‌ನ ಮೂರನೇ ನಾಲ್ಕನೇ ಕಾಪಿಯಿಂದ ಮಾಡಿದ ಮಂಕಾದ ಸಿಡಿಗೂ ಒಳ್ಳೆಯ ನಂಬರ್ ಬರಬಹುದು.

ಈಗ 24 ಬಿಟ್ ವಿಷಯ. ಸಿಡಿಯ 16 ಬಿಟ್‌ನಲ್ಲಿ ತೀರಾ ಮೆಲ್ಲಗಿನ ಸದ್ದಿನಿಂದ ತೀರಾ ಜೋರಿನವರೆಗೆ ಸುಮಾರು 96 ಡೆಸಿಬಲ್ ವ್ಯಾಪ್ತಿ ಇದೆ. ಆ ಕಾಲದ ಟೇಪ್‌ಗೆ ತನ್ನದೇ 'ಸ್' ಅನ್ನುವ ಗದ್ದಲ ಇದೆ, ಅದರ ವ್ಯಾಪ್ತಿ ಇದಕ್ಕಿಂತ ಎಷ್ಟೋ ಕಡಿಮೆ. ಸಿಡಿಯ 44.1 ಕಿಲೋಹರ್ಟ್ಸ್‌ನಲ್ಲಿ 22 ಕಿಲೋಹರ್ಟ್ಸ್‌ವರೆಗಿನ ಸದ್ದು ಹಿಡಿಯುತ್ತದೆ. ನಮ್ಮ ಕಿವಿ ಎಳೆಯ ವಯಸ್ಸಿನಲ್ಲೂ 20 ದಾಟುವುದಿಲ್ಲ. ಅಂದರೆ ಆ ಟೇಪ್‌ನಲ್ಲಿ ಕಿವಿಗೆ ಕೇಳುವುದನ್ನೆಲ್ಲ ಸಿಡಿ ಆರಾಮಾಗಿ ಹಿಡಿಯುತ್ತದೆ. ಆದರೂ ನಾನು 24 ಬಿಟ್ ಫೈಲ್ ಕೊಳ್ಳುತ್ತೇನೆ. ಎಷ್ಟೋ ಸಲ ಒಳ್ಳೆಯ ಮಾಸ್ಟರ್ ಆ ರೂಪದಲ್ಲಿ ಮಾತ್ರ ಸಿಗುತ್ತದೆ, ಅದಕ್ಕೆ.

ಒಮ್ಮೆ ಒಂದು ಆನ್‌ಲೈನ್ ಅಂಗಡಿಯಲ್ಲಿ 96 ಕಿಲೋಹರ್ಟ್ಸ್ ಅಂತ ಬರೆದಿದ್ದ ಆಲ್ಬಂಗೆ ಸಿಡಿಯ ಎರಡು ಪಟ್ಟು ದುಡ್ಡು ಕೊಟ್ಟೆ. ಫೈಲಿನಲ್ಲಿ ಎಷ್ಟು ಕಿಲೋಹರ್ಟ್ಸ್‌ವರೆಗೆ ಸದ್ದಿದೆ ಅಂತ ಚಿತ್ರದಲ್ಲಿ ತೋರಿಸುವ ಸ್ಪೆಕ್ ಅನ್ನೋ ಪುಕ್ಕಟೆ ಪ್ರೋಗ್ರಾಂನಲ್ಲಿ ತೆರೆದು ನೋಡಿದರೆ 22 ಕಿಲೋಹರ್ಟ್ಸ್ ಹತ್ತಿರ ಗೋಡೆ ಕಟ್ಟಿದ ಹಾಗೆ ಚಿತ್ರ ನಿಂತಿತ್ತು, ಮೇಲೆ ಪೂರ್ತಿ ಕಪ್ಪು. ಸಿಡಿಯ ಫೈಲನ್ನೇ ಹಿಗ್ಗಿಸಿ ಮಾರಿದ್ದರು. ನಿಜವಾಗಿ ಟೇಪ್‌ನಿಂದ ತೆಗೆದದ್ದಾದರೆ ಟೇಪ್‌ನ ಗದ್ದಲ ಆ ಗೆರೆ ದಾಟಿಯೂ ನಿಧಾನವಾಗಿ ಮಾಸುತ್ತಾ ಹೋಗುತ್ತದೆ. ಯಾರಾದರೂ ಕೊಟ್ಟ 'ಲಾಸ್‌ಲೆಸ್' (ಸದ್ದಿನಲ್ಲಿ ಏನೂ ಕಳೆಯದ) ಫೈಲ್ 16 ಕಿಲೋಹರ್ಟ್ಸ್‌ಗೇ ಕಡಿದು ನಿಂತಿದ್ದರೆ ಅದು ಹಳೇ ಎಂಪಿ3 ಆಗಿರುವ ಸಾಧ್ಯತೆಯೇ ಜಾಸ್ತಿ.

ರೀಮಾಸ್ಟರ್ ಬೇರೆ, ರೀಮಿಕ್ಸ್ ಬೇರೆ. ಇದನ್ನು ಕಲಸಬೇಡಿ. ರೀಮಾಸ್ಟರ್ ಅಂದರೆ ಆಗಲೇ ಮುಗಿದ ಸ್ಟೀರಿಯೋ ಟೇಪ್ ಮೇಲೆ ಕೆಲಸ. ರೀಮಿಕ್ಸ್ ಅಂದರೆ ಡ್ರಮ್, ಗಿಟಾರ್, ದನಿ ಬೇರೆ ಬೇರೆ ಇರುವ ಟೇಪ್‌ಗೇ ಹೋಗಿ ಮತ್ತೆ ಜೋಡಿಸುವುದು. ಕಿಂಗ್ ಕ್ರಿಮ್ಸನ್ ತಮ್ಮ ಮೊದಲ ಆಲ್ಬಂ ಅನ್ನು 1969ರಲ್ಲಿ ಎಂಟು ಟ್ರ್ಯಾಕ್‌ನ ಟೇಪ್‌ನಲ್ಲಿ ಮಾಡಿದರು. ಎಂಟೇ ಟ್ರ್ಯಾಕ್ ಆದ್ದರಿಂದ ಜಾಗ ಸಾಲದೆ ನುಡಿಸಿದ್ದನ್ನೆಲ್ಲ ಮತ್ತೆ ಮತ್ತೆ ಒಟ್ಟುಗೂಡಿಸಿ ಕಾಪಿ ಮಾಡಬೇಕಾಯಿತು. ಪ್ರತಿ ಕಾಪಿಗೂ ಸದ್ದು ಸ್ವಲ್ಪ ಮಂಕಾಗುತ್ತದೆ. 2009ರಲ್ಲಿ ಬ್ಯಾಂಡಿನ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಜೊತೆ ಕೂತು ವಿಲ್ಸನ್ ಆ ಕಾಪಿಗಳಿಗಿಂತ ಹಿಂದಿನ ಟೇಪ್‌ಗಳನ್ನು ಹೊಂದಿಸಿ ಮಿಕ್ಸ್ ಮಾಡಿದರು. ಮೆಲೊಟ್ರಾನ್ (ಟೇಪ್‌ನಿಂದ ಸದ್ದು ಬರುವ ಕೀಬೋರ್ಡ್) ಮೇಲಿದ್ದ ಮುಸುಕು ತೆಗೆದ ಹಾಗಾಯಿತು. ಆದರೆ ಆ ಮಿಕ್ಸ್‌ನಲ್ಲಿ 'ಮೂನ್‌ಚೈಲ್ಡ್' ಹಾಡಿನ ಉದ್ದವನ್ನು ಕಡಿಮೆ ಮಾಡಿದ್ದಾರೆ. 2019ರಲ್ಲಿ ವಿಲ್ಸನ್ ಮತ್ತೊಮ್ಮೆ ಮಿಕ್ಸ್ ಮಾಡಿದರು. ಹಳೇ ಮಿಕ್ಸೇ ಬೇಕು ಅನ್ನುವವರು 2004ರ ಒರಿಜಿನಲ್ ಮಾಸ್ಟರ್ ಎಡಿಷನ್ ಹುಡುಕಿ. ಬಹಳ ವರ್ಷ ಸಿಗದೇ ಇದ್ದ ಮೂಲ ಸ್ಟೀರಿಯೋ ಟೇಪ್ ಸಿಕ್ಕ ಮೇಲೆ ಮಾಡಿದ್ದು ಅದು. ಅಂದ ಹಾಗೆ ಮೊದಲ ಹಾಡಿನಲ್ಲಿ ದನಿ ಹರಿದ ಹಾಗೆ ಕೇಳುತ್ತದಲ್ಲ, ಅದು ಬೇಕೆಂದೇ ಮಾಡಿದ್ದು. ಫೈಲ್ ಕೆಟ್ಟಿದೆ ಅಂತ ತಿಳಿಯಬೇಡಿ.

ಜೆಥ್ರೋ ಟಲ್‌ನ 'ಆಕ್ವಾಲಂಗ್' ಬಗ್ಗೆ ನನಗೆ ಅನುಮಾನವೇ ಇಲ್ಲ, 2011ರ ವಿಲ್ಸನ್ ಮಿಕ್ಸ್ ತೆಗೆದುಕೊಳ್ಳಿ. ಮೂಲ ಸದ್ದು ಡಬ್ಬಿಯೊಳಗೆ ಹಾಡಿದ ಹಾಗಿದೆ. 'ಥಿಕ್ ಆ್ಯಸ್ ಎ ಬ್ರಿಕ್'ಗೆ 2012ರದು.

ಜೆನೆಸಿಸ್ ಕಥೆ ಉಲ್ಟಾ. ನಿಕ್ ಡೇವಿಸ್ 2007, 2008ರಲ್ಲಿ ಮಾಡಿದ ರೀಮಿಕ್ಸ್‌ಗಳಲ್ಲಿ ವಾದ್ಯಗಳು ಸ್ಪಷ್ಟವಾಗಿವೆ, ಆದರೆ ಸ್ಟೀರಿಯೋ ಮಾಸ್ಟರ್ ಜೋರು. ಅರ್ಧ ಗಂಟೆಗೆ ಕಿವಿ ದಣಿಯುತ್ತದೆ. ನಾನು ಕೇಳುವುದು 1994ರ ಸಿಡಿಗಳನ್ನು. ಅವುಗಳ ಮೇಲೆ 'ಡೆಫಿನಿಟಿವ್ ಎಡಿಷನ್ ರೀಮಾಸ್ಟರ್' ಅಂತ ಬರೆದಿರುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಈಗಲೂ ಸಿಗುತ್ತವೆ.

ಎಲ್ಲಿ ಹುಡುಕೋದು? ಕ್ರಿಮ್ಸನ್‌ಗೆ ಅವರದೇ ಡಿಜಿಎಂ ಕಂಪನಿಯ ತಾಣದಲ್ಲಿ ಫ್ಲ್ಯಾಕ್ (ಒಂದು ಲಾಸ್‌ಲೆಸ್ ಫೈಲ್ ರೂಪ) ಡೌನ್‌ಲೋಡ್ ಸಿಗುತ್ತದೆ. ಯೆಸ್ ಮತ್ತು ಕ್ರಿಮ್ಸನ್‌ನ ಸಿಡಿ ಜೊತೆ ಡಿವಿಡಿ ಅಥವಾ ಬ್ಲೂರೇ ಇರುವ ಸೆಟ್‌ಗಳು ಬಂದಿವೆ. ಯೆಸ್‌ನ ಆ ಬ್ಲೂರೇಗಳಲ್ಲಿ ಹೊಸ ಮಿಕ್ಸ್ ಜೊತೆಗೆ ಹಳೇ ಮಿಕ್ಸನ್ನೂ ಏನೂ ತಿದ್ದದೆ ಟೇಪ್‌ನಿಂದ ಹಾಗೇ ಎತ್ತಿ ಇಟ್ಟಿದ್ದಾರೆ. ನನ್ನ ಪ್ರಕಾರ ಕೊಟ್ಟ ದುಡ್ಡು ಸಾರ್ಥಕ ಆಗುವುದು ಅದಕ್ಕೇ. ಬ್ಲೂರೇ ಓದಲು ಕಂಪ್ಯೂಟರ್‌ಗೆ ಬ್ಲೂರೇ ಡ್ರೈವ್ ಬೇಕು, ಅದನ್ನು ಮೊದಲೇ ಲೆಕ್ಕ ಹಾಕಿ.

ಹೊರಗಿಂದ ತರಿಸಿದರೆ ಅಂಚೆ ಖರ್ಚು, ಸುಂಕ ಸೇರಿ ಬೆಲೆ ಏರುತ್ತದೆ. ನಾನು ಮಾಡುವುದು ಇಷ್ಟು: ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ಅಣ್ಣತಮ್ಮಂದಿರು ಊರಿಗೆ ಬರುವ ಮುಂಚೆ ಪಟ್ಟಿ ಕಳಿಸುತ್ತೇನೆ. ಅಲ್ಲಿ ಹಳೇ ಸಿಡಿ ಅಗ್ಗ, ಡಬ್ಬಿ ತೆಗೆದರೆ ಹತ್ತು ಸಿಡಿ ಒಂದು ಪುಸ್ತಕದಷ್ಟೂ ಭಾರ ಇಲ್ಲ. ಪಟ್ಟಿಯಲ್ಲಿ ಬರೀ ಆಲ್ಬಂ ಹೆಸರು ಬರೆದರೆ ಬೇರೆಯದೇ ಬರುತ್ತದೆ. ಆಲ್ಬಂಗಳ ಎಲ್ಲ ಪ್ರತಿಗಳನ್ನು ಪಟ್ಟಿ ಮಾಡಿರುವ ಡಿಸ್ಕಾಗ್ಸ್ ತಾಣದಲ್ಲಿ ನೋಡಿ ಕ್ಯಾಟಲಾಗ್ ನಂಬರ್ ಬರೆಯಿರಿ. ಸಿಡಿಯ ಹೊಳೆಯುವ ಬದಿಯಲ್ಲಿ, ನಡುವಿನ ತೂತಿನ ಸುತ್ತ ಸಣ್ಣಗೆ ಕೆತ್ತಿದ ನಂಬರ್ ಇರುತ್ತದೆ. ಯಾವ ಕಾರ್ಖಾನೆ, ಯಾವ ಪ್ರತಿ ಅನ್ನೋದು ಅದರಿಂದ ಗೊತ್ತಾಗುತ್ತದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಕಾರ್ಖಾನೆಯಲ್ಲಿ 1988ರಿಂದ 1993ರ ಆಸುಪಾಸಿನಲ್ಲಿ ಒತ್ತಿದ ಕೆಲವು ಸಿಡಿಗಳು ಕಂಚಿನ ಬಣ್ಣಕ್ಕೆ ತಿರುಗಿ ಹಾಳಾಗುತ್ತವೆ. ಕೊಳ್ಳುವ ಮುಂಚೆ ಫೋಟೋ ಕೇಳಿ.

ಸಿಡಿ ಕೈಗೆ ಬಂದರೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನೋ ಪ್ರೋಗ್ರಾಂನಲ್ಲಿ ಸೆಕ್ಯೂರ್ ಮೋಡ್ ಇಟ್ಟು ರಿಪ್ ಮಾಡಿ, ಅಂದರೆ ಕಂಪ್ಯೂಟರ್‌ಗೆ ಇಳಿಸಿ, ಮ್ಯಾಕ್ ಆದರೆ ಎಕ್ಸ್‌ಎಲ್‌ಡಿ. ರಿಪ್‌ಗಳನ್ನು ತಾಳೆ ನೋಡುವ ಆ್ಯಕ್ಯುರೇಟ್‌ರಿಪ್ ಡೇಟಾಬೇಸ್ ಹೊಂದಿಕೆ ತೋರಿಸಿದರೆ ನಿಮ್ಮ ಫೈಲ್ ಬೇರೆಯವರು ತೆಗೆದದ್ದಕ್ಕೆ ಬಿಟ್ ಬಿಟ್‌ಗೂ ಸಮ ಇದೆ ಅಂತ. ಫ್ಲ್ಯಾಕ್‌ನಲ್ಲಿ ಉಳಿಸಿ. ಎಂಬತ್ತರ ದಶಕದ ಮೊದಲ ಜಪಾನಿ ಸಿಡಿಗಳಲ್ಲಿ ಕೆಲವಕ್ಕೆ ಪ್ರೀ ಎಂಫಸಿಸ್ ಇರುತ್ತದೆ, ಅಂದರೆ ತೀಕ್ಷ್ಣ ಸದ್ದನ್ನು ಮೊದಲೇ ಎತ್ತಿಟ್ಟಿರುತ್ತಾರೆ, ಕೇಳುವಾಗ ಅದನ್ನು ತಗ್ಗಿಸಬೇಕು. ರಿಪ್ ಕಿವಿ ಚುಚ್ಚುವಷ್ಟು ತೀಕ್ಷ್ಣ ಅನಿಸಿದರೆ ಮೊದಲ ಅನುಮಾನ ಅದರ ಮೇಲೆ ಇರಲಿ. ಸಾಕ್ಸ್ ಅನ್ನೋ ಪ್ರೋಗ್ರಾಂನಲ್ಲಿ ಅದನ್ನು ಸರಿ ಮಾಡಬಹುದು.

ಸ್ಟ್ರೀಮಿಂಗ್ ಸಾಕು ಅನ್ನುವವರಿಗೆ ಆ್ಯಪಲ್ ಮ್ಯೂಸಿಕ್‌ನಲ್ಲಿ 2021ರಿಂದ ಲಾಸ್‌ಲೆಸ್ ಇದೆ. ಆದರೆ ಬ್ಲೂಟೂತ್‌ನಲ್ಲಿ ಕೇಳಿದರೆ ಅದು ಲಾಸ್‌ಲೆಸ್ ಆಗಿ ಉಳಿಯುವುದಿಲ್ಲ, ತಂತಿ ಬೇಕು. ನನಗೆ ಅದರಲ್ಲಿ ಒಂದೇ ಬೇಸರ. ಇವತ್ತು ಇದ್ದ ಮಾಸ್ಟರ್ ನಾಳೆ ಸದ್ದಿಲ್ಲದೆ ಬದಲಾಗಿರುತ್ತದೆ. ಅದಕ್ಕೇ ನಿಜವಾಗಿ ಪ್ರೀತಿಸುವ ಆಲ್ಬಂಗಳನ್ನು ನಾನು ಕೊಂಡು ಇಟ್ಟುಕೊಳ್ಳುತ್ತೇನೆ.

ಎರಡು ಪ್ರತಿ ಹೋಲಿಸುವಾಗ ಮೊದಲು ವಾಲ್ಯೂಮ್ ಸಮ ಮಾಡಿ. ಒಂದೇ ಡೆಸಿಬಲ್ ಜೋರಿದ್ದರೂ ಅದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ. ಫೂಬಾರ್‌ನಲ್ಲಿ ವಾಲ್ಯೂಮ್ ಸಮ ಮಾಡುವ ರೀಪ್ಲೇಗೇನ್ ಹಾಕಿ ಆಮೇಲೆ ಕೇಳಿ.

ನಿಮ್ಮ ಪಟ್ಟಿಯಲ್ಲಿ ಯೆಸ್‌ನಿಂದಲೇ ಶುರು ಮಾಡಿ, 2013ರ ಆ ಬ್ಲೂರೇ ಸೆಟ್. ನಿಮ್ಮ ಹತ್ತಿರ ಆಗಲೇ ಇರುವ ಸಿಡಿಗಳಿದ್ದರೆ ತೂತಿನ ಸುತ್ತಲಿನ ನಂಬರ್ ಕಾಣುವ ಹಾಗೆ ಫೋಟೋ ತೆಗೆದು ಇಲ್ಲೇ ಹಾಕಿ. ಯಾವುದನ್ನು ಉಳಿಸಿಕೊಳ್ಳಬಹುದು, ಯಾವುದನ್ನು ಬದಲಿಸಬೇಕು ಅಂತ ಒಟ್ಟಿಗೆ ನೋಡೋಣ.