ದಿನಗಟ್ಟಲೆ ಟೈಮ್ ಕೊಟ್ಟರೆ ಒಳ್ಳೆ ಆಟಗಾರ ಚೆಸ್ ಎಂಜಿನ್ನನ್ನು, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ ಅನ್ನು, ಸೋಲಿಸಬಹುದಾ?

ಬರೀ ತಲೆ ಮತ್ತು ಬೋರ್ಡ್ ನಂಬಿಕೊಂಡು ಅಂದರೆ, ಇವತ್ತು ಆಗುವುದಿಲ್ಲ. ಒಂದೊಂದು ನಡೆಗೆ ವಾರ ಕೊಟ್ಟರೂ ಅಷ್ಟೆ. ಆದರೆ ಇಪ್ಪತ್ತು ವರ್ಷದ ಹಿಂದೆ ಉತ್ತರ ಬೇರೆ ಇತ್ತು.

2005ರಲ್ಲಿ ಹೈಡ್ರಾ ಅನ್ನುವ ಕಂಪ್ಯೂಟರ್ ಲಂಡನ್‌ನಲ್ಲಿ ಮೈಕಲ್ ಆಡಮ್ಸ್ ಜೊತೆ ಆರು ಆಟ ಆಡಿತು. ಆಡಮ್ಸ್ ಆಗ ಜಗತ್ತಿನ ಮೊದಲ ಹತ್ತರಲ್ಲಿದ್ದವರು. ಅವರಿಗೆ ಸಿಕ್ಕಿದ್ದು ಒಂದು ಡ್ರಾ, ಉಳಿದ ಐದೂ ಸೋಲು. ಅದೇ ಸುಮಾರಿಗೆ ಬರ್ಲಿನ್‌ನ ಆರ್ನೋ ನಿಕ್ಕೆಲ್ ಹೈಡ್ರಾ ಜೊತೆ ಕರೆಸ್ಪಾಂಡೆನ್ಸ್ ಚೆಸ್ (ಒಂದೊಂದು ನಡೆಗೆ ದಿನಗಟ್ಟಲೆ ಟೈಮ್ ಇರುವ, ದೂರದಿಂದ ನಡೆ ಕಳಿಸಿ ಆಡುವ ಚೆಸ್) ಆಡಿ ಎರಡು ಗೆದ್ದರು, ಮೂರನೆಯದು ಡ್ರಾ ಆಯಿತು!

ಇಲ್ಲೊಂದು ವಿಷಯ ಜನ ಬಿಟ್ಟುಬಿಡುತ್ತಾರೆ. ನಿಕ್ಕೆಲ್ ಕೂಡ ಎಂಜಿನ್ ಬಳಸುತ್ತಿದ್ದರು. ಹಾಗಾದರೆ ಗೆದ್ದಿದ್ದು ಹೇಗೆ ಅಂದರೆ, ಎಂಜಿನ್ ತೋರಿಸಿದ ನಡೆಯನ್ನು ಸುಮ್ನೆ ಒಪ್ಪಿಕೊಳ್ಳದೆ, ಅದನ್ನು ಬೋರ್ಡ್ ಮೇಲೆ ಹತ್ತು ಹನ್ನೆರಡು ನಡೆ ಮುಂದಕ್ಕೆ ಆಡಿಸಿ, ಅಲ್ಲಿ ಏನು ಕಂಡಿತು ಅಂತ ನೋಡಿ, ವಾಪಸ್ ಬಂದು ಎಂಜಿನ್ ತನ್ನ ಪಟ್ಟಿಯಲ್ಲಿ ಮೂರನೇ ಆಯ್ಕೆಯಾಗಿಟ್ಟ ನಡೆಯನ್ನೂ ಹಾಗೇ ಕೆದಕುವುದು. ಕರೆಸ್ಪಾಂಡೆನ್ಸ್ ಆಟಗಾರರ ನಿಜವಾದ ಕೆಲಸ ಇದೇ. ಪಾನ್‌ಗಳೆಲ್ಲ (ಕಾಲಾಳುಗಳು) ಎದುರುಬದುರು ಸಿಕ್ಕಿಕೊಂಡ ಆಟದಲ್ಲಂತೂ ಎಂಜಿನ್ "ಬಿಳಿಗೆ 1.5 ಜಾಸ್ತಿ" (ಒಂದೂವರೆ ಪಾನ್‌ನಷ್ಟು ಮೇಲುಗೈ) ಅಂತ ತೋರಿಸುತ್ತಲೇ ಇರುತ್ತದೆ, ಕಾಯಿಗಳನ್ನು ಆಕಡೆ ಈಕಡೆ ಆಡಿಸುತ್ತದೆ, ಒಳಗೆ ನುಗ್ಗಲು ದಾರಿಯೇ ಇಲ್ಲ ಅನ್ನುವುದು ಮನುಷ್ಯನಿಗೆ ಮೊದಲು ಗೊತ್ತಾಗುತ್ತದೆ.

ಈಗ ಆ ಸಂದು ಬಹಳ ಕಿರಿದಾಗಿದೆ. 2020ರಲ್ಲಿ ಸ್ಟಾಕ್‌ಫಿಶ್ ಅನ್ನುವ ಎಂಜಿನ್‌ಗೆ ನ್ಯೂರಲ್ ನೆಟ್‌ವರ್ಕ್ (ಆಟಗಳಿಂದ ತಾನೇ ಕಲಿತು ಸ್ಥಿತಿಯನ್ನು ಅಳೆಯುವ ಭಾಗ) ಸೇರಿಸಿದ ಮೇಲೆ ಅಂಥ ಕಡೆಯೂ ಅದು ಎಡವುವುದು ಕಡಿಮೆ. ಕರೆಸ್ಪಾಂಡೆನ್ಸ್ ಚೆಸ್‌ನ ಅಂತರರಾಷ್ಟ್ರೀಯ ಸಂಸ್ಥೆ ಐಸಿಸಿಎಫ್‌ನಲ್ಲಿ ಎಂಜಿನ್ ಬಳಸಲು ಅನುಮತಿ ಇದೆ. ಇಬ್ಬರ ಹತ್ತಿರವೂ ಒಳ್ಳೆ ಎಂಜಿನ್ ಇದ್ದ ಮೇಲೆ ಗೆಲ್ಲುವುದು ಹೇಗೆ ಹೇಳಿ? ಮೇಲಿನ ಹಂತದಲ್ಲಿ ಹೆಚ್ಚುಕಮ್ಮಿ ಎಲ್ಲವೂ ಡ್ರಾ. ನನಗೆ ಬೇಜಾರಾಗುವುದು ಇದಕ್ಕೇ, ತಿಂಗಳುಗಟ್ಟಲೆ ಕೂತು ಮಾಡಿದ ಅಷ್ಟೂ ಕೆಲಸ ಅರ್ಧ ಪಾಯಿಂಟ್‌ನಲ್ಲಿ ಮುಗಿಯುತ್ತದೆ.

ನಿಮಗೆ ಆಡುವ ಆಸೆ ಇದ್ದರೆ ಲಿಚೆಸ್ ಅನ್ನುವ ಚೆಸ್ ವೆಬ್‌ಸೈಟ್‌ನಲ್ಲಿ ಕರೆಸ್ಪಾಂಡೆನ್ಸ್ ಆಟ ಶುರು ಮಾಡಿ. ಅಲ್ಲಿ ಓಪನಿಂಗ್ (ಆಟದ ಶುರುವಿನ ನಡೆಗಳ) ಪುಸ್ತಕ ನೋಡಬಹುದು, ಎಂಜಿನ್ ಮಾತ್ರ ಮುಟ್ಟುವ ಹಾಗಿಲ್ಲ, ಸಿಕ್ಕಿಬಿದ್ದರೆ ಅಕೌಂಟ್‌ಗೇ ಕುತ್ತು. ನಿಮ್ಮ ಸ್ವಂತ ಲೆಕ್ಕಾಚಾರ ಎಷ್ಟು ದೂರ ಹೋಗುತ್ತದೆ ಅಂತ ನೋಡುವುದಕ್ಕೆ ಅದೇ ಸರಿ.