ಅಮ್ಮ ಸೋಮಾರಿ ಆಗಿದ್ರಾ? ನ್ಯೂಜೆರ್ಸಿ ಓದುಗರಿಗೆ ಸಂಪಾದಕರ ಉತ್ತರ

ನಮಸ್ಕಾರ ಮೇಡಂ. ಹೆಸರು ಹಾಕ್ಬೇಡಿ ಅಂದಿದ್ದೀರ, ಹಾಕಲ್ಲ. ಪತ್ರ ಪೂರ್ತಿ ಅಚ್ಚು ಮಾಡೋಕೆ ಜಾಗ ಸಾಲ್ದು, ಅದಕ್ಕೆ ಉಳಿದ ಓದುಗರಿಗೆ ವಿಷಯ ಏನು ಅಂತ ಚುಟುಕಾಗಿ ಹೇಳ್ಬಿಡ್ತೀನಿ. ಹೋದ ಸಂಚಿಕೇಲಿ ಬಂದ ಪ್ಯಾಕೆಟ್ ಅಡುಗೆ ಲೇಖನದಲ್ಲಿ, ಡಬ್ಬಿ ಬಿಚ್ಚಿ ಮಕ್ಕಳಿಗೆ ಬಡಿಸೋ ತಾಯಂದಿರು ಕೈರುಚಿಗೆ ಎಳ್ಳುನೀರು ಬಿಟ್ಟಿದ್ದಾರೆ ಅಂತ ಒಂದು ಸಾಲಿತ್ತು, ಅದು ಇವರಿಗೆ ಚುಚ್ಚಿದೆ. ಎಂಬತ್ತರ ದಶಕದಲ್ಲಿ ನ್ಯೂಜೆರ್ಸೀಲಿ ಬೆಳೆದವರು, ಅಮ್ಮ ದಾವಣಗೆರೆ ಕಡೆಯವರು, ಹಗಲೆಲ್ಲ ಆಫೀಸು, ಸಂಜೆ ಬಸ್ಸಿಳಿದು ಬಂದ್ರೆ ಎರಡು ಮಕ್ಕಳು ಹಸಿವು ಅಂತ ಕೂತಿರ್ತಿದ್ವು. ವಾರಕ್ಕೆ ಎರಡ್ಮೂರು ರಾತ್ರಿ ಕ್ರಾಫ್ಟ್ ಕಂಪನಿಯ ಮ್ಯಾಕರೋನಿ ಚೀಸ್ (ಕೊಳವೆ ಥರದ ಪಾಸ್ತಾ, ಜೊತೆಗೆ ಚೀಸ್ ಪುಡಿ) ನೀಲಿ ಡಬ್ಬಿನೇ ಊಟ, ಆದ್ರೆ ಅದಕ್ಕೆ ಸಾಸಿವೆ, ಹಸಿಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ, ಚಿಟಿಕೆ ಅರಿಶಿನ. "ಹಾಗಾದ್ರೆ ನಮ್ಮಮ್ಮ ಸೋಮಾರಿ ಆಗಿದ್ರಾ?" ಅಂತ ಕೇಳಿದ್ದಾರೆ.

ಸೋಮಾರಿ ಅಲ್ಲ ಮೇಡಂ, ಪುರುಸೊತ್ತಿರ್ಲಿಲ್ಲ. ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಅಡುಗೆಮನೆ ಕಡೆ ತಲೆ ಹಾಕದೆ ತಟ್ಟೆ ಮುಂದೆ ಬಂದು ಕೂರೋರಿಗೆ ಅದು ಗೊತ್ತಾಗಲ್ಲ ಅಷ್ಟೇ. ಹಾಗಂತ ಆ ಲೇಖನ ಹಾಕಿದ್ದಕ್ಕೆ ನನಗೇನೂ ಬೇಜಾರಿಲ್ಲ, ಕಂಪನಿಗಳು ಜಾಹೀರಾತಲ್ಲಿ ಮಕ್ಕಳನ್ನ ಹೇಗೆ ಬಲೆಗೆ ಹಾಕ್ಕೊಳ್ತಾವೆ ಅಂತ ಅದರಲ್ಲಿ ಬರೆದಿದ್ದೆಲ್ಲ ನಿಜನೇ. ತಾಯಂದಿರ ಮೇಲಿನ ಆ ಒಂದು ಸಾಲು ಮಾತ್ರ ನಾನೂ ಒಪ್ಪಲ್ಲ.

ನಿಮ್ಮ ನೀಲಿ ಡಬ್ಬಿ ಹುಟ್ಟಿದ ಟೈಮ್ ನೋಡಿ. 1937, ಅಮೆರಿಕಾದಲ್ಲಿ ಆರ್ಥಿಕ ಕುಸಿತ, ಜನಕ್ಕೆ ಕೆಲಸ ಇಲ್ಲ, ಆಗ ಕ್ರಾಫ್ಟ್‌ನೋರು 19 ಸೆಂಟ್ಸಿಗೆ ನಾಲ್ಕು ಜನರ ಊಟ ಅಂತ ಮಾರ್ಕೆಟ್ಟಿಗೆ ಬಿಟ್ರು. ಆಮೇಲೆ ಎರಡನೇ ಮಹಾಯುದ್ಧ, ಮಾಂಸ ಬೆಣ್ಣೆ ಎಲ್ಲ ರೇಶನ್, ರೇಶನ್ ಕೂಪನ್ನಿನ ಒಂದು ಪಾಯಿಂಟಿಗೆ ಈ ಡಬ್ಬಿ ಎರಡು ಸಿಗ್ತಿತ್ತು, ಗಂಡಸರು ಯುದ್ಧಕ್ಕೆ ಹೋಗಿ ಹೆಂಗಸರು ಫ್ಯಾಕ್ಟರಿಗೆ ಹೋಗ್ತಿದ್ದ ಕಾಲ. ಕೈಯಲ್ಲಿ ದುಡ್ಡೂ ಇಲ್ಲ ಟೈಮೂ ಇಲ್ಲ ಅನ್ನೋ ಮನೆಗೆ ಈ ಡಬ್ಬಿ ಬಂತೇ ಹೊರತು ಮೈಗಳ್ಳರ ಮನೆಗಲ್ಲ.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದ್ರೆ ನಿಮ್ಮ ಅಮ್ಮನಿಗೆ ಖಂಡಿತ ಗೊತ್ತಿರುತ್ತೆ. ಸಸ್ಯಾಹಾರಿ ಮನೆ ಅಂದ್ರಿ. ಆ ಕಾಲದ ಅಮೆರಿಕನ್ ಅಂಗಡೀಲಿ ಸಸ್ಯಾಹಾರಿಗೆ ಯಾವ ಡಬ್ಬಿ ಇತ್ತು ಹೇಳಿ? ಐವತ್ತರ ದಶಕದಲ್ಲಿ ಸ್ವಾನ್ಸನ್‌ನೋರು ಶುರು ಮಾಡಿದ ಟಿವಿ ಡಿನ್ನರ್, ಅಂದ್ರೆ ಬಿಸಿ ಮಾಡಿ ತಿನ್ನೋ ಫ್ರೋಜನ್ ಊಟ, ಅದರ ಅಲ್ಯೂಮಿನಿಯಂ ತಟ್ಟೇಲಿ ಇದ್ದಿದ್ದು ಟರ್ಕಿ ಕೋಳಿ. 1971ರಲ್ಲಿ ಬಂದ ಹ್ಯಾಂಬರ್ಗರ್ ಹೆಲ್ಪರ್ ಅನ್ನೋ ಪಾಸ್ತಾ ಮಸಾಲೆ ಡಬ್ಬಿಗೆ ಒಂದು ಪೌಂಡ್ ದನದ ಮಾಂಸದ ಖೀಮಾ ಮನೆಯಿಂದಲೇ ಹಾಕ್ಬೇಕು. ಉಳಿದಿದ್ದು ಮ್ಯಾಕರೋನಿ ಚೀಸ್ ಥರದ ಕೆಲವೇ ಡಬ್ಬಿ, ಅದರಲ್ಲೂ ಡಬ್ಬಿ ಹಿಂದೆ ಎನ್ಜೈಮ್ಸ್ (ಚೀಸ್ ಮಾಡೋಕೆ ಹಾಲು ಒಡೆಸೋ ಪದಾರ್ಥ) ಅಂತ ಓದಿ ಇದು ಕರುವಿನ ಹೊಟ್ಟೇದೋ ಏನೋ ಅಂತ ವಾಪಸ್ ಶೆಲ್ಫಲ್ಲಿಟ್ಟು ಬಂದ ಮಡಿವಂತರನ್ನ ನಾನು ಬಲ್ಲೆ. ಇಂಡಿಯನ್ ಸಾಮಾನಿನ ಪಟೇಲ್ ಬ್ರದರ್ಸ್ ಮೊದಲ ಅಂಗಡಿ ತೆರೆದಿದ್ದೇ 1974ರಲ್ಲಿ, ಅದೂ ಷಿಕಾಗೋದಲ್ಲಿ. ಕರಿಬೇವಿಗೂ ಬರಗಾಲ ಇದ್ದ ಕಡೆ ನಿಮ್ಮಮ್ಮ ಸಾಸಿವೆ ಚಟಪಟ ಅನ್ನಿಸಿದ್ದೇ ದೊಡ್ಡದು ಬಿಡಿ.

ಈಗ ನಿಮ್ಮ ಜೊತೆ ಸ್ವಲ್ಪ ಜಗಳ. "ಊರಲ್ಲಿದ್ದೋರಿಗೆ ಡಬ್ಬಿ ಯಾಕೆ ಬೇಕು, ಅಜ್ಜಿ ಅತ್ತೆ ಓರಗಿತ್ತಿ ಎಲ್ಲ ಇರ್ತಾರೆ, ಪ್ಯಾಕೆಟ್ ಎಲ್ಲ ಫಾರಿನ್ನಿನೋರಿಗೆ ಅಂತ ಮಾಡಿದ್ದು" ಅಂತ ಬರೆದಿದ್ದೀರಲ್ಲ, ಅದು ಸುತಾರಾಂ ಸರಿಯಲ್ಲ. ಬೆಂಗಳೂರಿನ ಎಂಟಿಆರ್‌ದೇ ತಗೊಳ್ಳಿ. 1924ರಿಂದ ನಡೀತಿದ್ದ ಹೋಟ್ಲು, ಎಮರ್ಜೆನ್ಸಿ ಬಂತು, ತಿಂಡಿಗೆ ಇಷ್ಟೇ ರೇಟು ಅಂತ ಸರ್ಕಾರ ಕಟ್ಟು ಮಾಡ್ತು, ಆ ರೇಟಿಗೆ ತುಪ್ಪ ಹಾಕಿ ಕೊಡೋಕೆ ಗಿಟ್ಟಲ್ಲ, ಕ್ವಾಲಿಟಿ ಇಳಿಸೋಕೆ ಮನಸ್ಸಿಲ್ಲ, ಹೋಟ್ಲು ಬಾಗಿಲು ಹಾಕಿದ್ರು. ಕೆಲಸದೋರನ್ನ ಬೀದಿಗೆ ಬಿಡೋಕಾಗಲ್ವಲ್ಲ, ಮಿಕ್ಸು ಮಸಾಲೆಪುಡಿ ಮಾಡಿ ಮಾರೋಕೆ ನಿಂತ್ರು. ಹೋಟ್ಲು ಮತ್ತೆ ತೆರೆದಿದ್ದು 1984ರಲ್ಲಿ, ಅಷ್ಟೊತ್ತಿಗೆ ನಮ್ಮೂರಿನ ಕಿರಾಣಿ ಅಂಗಡಿಗಳಿಗೂ ಆ ಪ್ಯಾಕೆಟ್ ಬಂದಾಗಿತ್ತು. ಆ ಪ್ಯಾಕೆಟ್ ಕಂಪನಿ 2007ರಲ್ಲಿ ನಾರ್ವೆಯ ಆರ್ಕ್ಲಾ ಪಾಲಾಯ್ತು, ಹೋಟ್ಲು ಮಾತ್ರ ಅದನ್ನ ಶುರು ಮಾಡಿದ ಮಯ್ಯರ ಮನೆತನದ ಕೈಲೇ ಇದೆ. ಇನ್ನು ಕತ್ತರಿಸಿ ಬಿಸಿ ಮಾಡಿ ತಿನ್ನೋ ಬಿಸಿಬೇಳೆಬಾತ್ ಪೌಚ್ ಇದೆ ನೋಡಿ, ಅದರ ಬೇರು ಮೈಸೂರಲ್ಲಿದೆ, ಅಲ್ಲಿನ ಡಿಫೆನ್ಸ್ ಫುಡ್ ರಿಸರ್ಚ್ ಲ್ಯಾಬೊರೇಟರಿಯೋರು ಸೈನಿಕರಿಗೋಸ್ಕರ ಮಾಡಿದ ವಿದ್ಯೆ ಅದು. ಫಾರಿನ್ನಿನೋರ ಸೂಟ್‌ಕೇಸಿಗೆ ಬಂದಿದ್ದು ಕಡೇಲಿ.

ಮತ್ತೆ ಅಜ್ಜಿ ಅತ್ತೆ ಇದ್ದ ಮನೇಲೂ ಹೆಂಗಸರಿಗೆ ಪುರುಸೊತ್ತಿತ್ತು ಅಂತ ಯಾರು ಹೇಳಿದ್ದು? ನಮ್ಮಮ್ಮ ಸ್ಕೂಲ್ ಟೀಚರ್. ಮನೇಲಿ ಅಜ್ಜಿ ಇದ್ರು, ಅಜ್ಜಿ ಅಂದ್ರೆ ಕೆಲಸ ಕಮ್ಮಿ ಮಾಡೋರಲ್ಲ, ಜಾಸ್ತಿ ಮಾಡೋರು. ಪ್ಯಾಕೆಟ್ ಕಂಡ್ರೆ ಅಜ್ಜಿ ಮೂಗು ಮುರಿಯೋರು, ಯಾವ ಜಾತಿ ಯಾವ ಕೈಲಿ ಮಾಡಿದ್ದೋ ಅಂತ. ಹಬ್ಬದ ದಿನ ಅಮ್ಮ ಗುಲಾಬ್ ಜಾಮೂನ್ ಮಿಕ್ಸ್ ಪ್ಯಾಕೆಟ್ಟನ್ನ ಹಿಂದಿನ ರಾತ್ರಿನೇ ಕತ್ತರಿಸಿ ಸ್ಟೀಲ್ ಡಬ್ಬಿಗೆ ಸುರಿದು ಕವರ್ ಒಲೆಗೆ ಹಾಕ್ಬಿಡೋರು. ಅಜ್ಜಿ ಎರಡು ತಿಂದು, ಖೋವಾ ಚೆನ್ನಾಗಿ ಸಿಕ್ಕಿದೆ ಈ ಸಲ, ಅನ್ನೋರು. ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಬಾರದು ಅಂತ ಅಮ್ಮನ ಆರ್ಡರ್, ನೋಡಿದ್ರೆ ನಗು ಬಂದ್ಬಿಡುತ್ತಲ್ಲ.

ಮ್ಯಾಗಿ ಇಂಡಿಯಾಕ್ಕೆ ಬಂದಿದ್ದು 1983ರಲ್ಲಿ, ನಮ್ಮ ಮನೆಗೆ ಅದಾಗಿ ಸ್ವಲ್ಪ ವರ್ಷಕ್ಕೆ. ಅಮ್ಮನಿಗೆ ಅದು ನೂಡಲ್ಸ್ ಅಂತ ಅನ್ನಿಸಲೇ ಇಲ್ಲ, ಗುಂಗುರು ಶಾವಿಗೆ ಅಷ್ಟೇ. ಎಣ್ಣೆಗೆ ಸಾಸಿವೆ, ಕಡ್ಲೆಬೇಳೆ, ಉದ್ದಿನಬೇಳೆ, ಬೀನ್ಸು ಕ್ಯಾರೆಟ್ಟು, ಮೇಲೆ ನಿಂಬೆಹಣ್ಣು ಹಿಂಡಿ ಶಾವಿಗೆ ಉಪ್ಪಿಟ್ಟು ಥರ ಉದುರುದುರಾಗಿ ಮಾಡೋರು, ಆ ಬೆಳ್ಳಿ ಬಣ್ಣದ ಮಸಾಲೆ ಪೊಟ್ಟಣನ ಮಾತ್ರ ಹಾಕದೆ ಎತ್ತಿಟ್ಟು ಇನ್ನೊಂದು ದಿನ ಆಲೂಗಡ್ಡೆ ಪಲ್ಯಕ್ಕೆ ಹಾಕೋರು. ಟಿವಿ ಜಾಹೀರಾತಿನ ಥರ ಸೂಪ್ ಸೂಪಾಗಿ ಬೇಕು ಅಂತ ನಾನು ಅತ್ತಿದ್ದೂ ಉಂಟು. ಅಂದ್ರೆ ದಾವಣಗೆರೆ ಅಮ್ಮ ನ್ಯೂಜೆರ್ಸೀಲಿ ಮಾಡಿದ್ದನ್ನೇ ನಮ್ಮಮ್ಮ ತುಮಕೂರಲ್ಲಿ ಮಾಡ್ತಿದ್ರು, ಇಬ್ಬರೂ ಕಂಪನಿ ಹೇಳಿದ ಹಾಗೆ ಕೇಳಲಿಲ್ಲ.

ತಮಾಷೆ ಏನು ಗೊತ್ತಾ, ಕಂಪನಿನೇ ಕೊನೆಗೆ ನಿಮ್ಮಮ್ಮನ ದಾರಿಗೆ ಬಂತು. ಕೃತಕ ಹಳದಿ ಬಣ್ಣ ಬೇಡ ಅಂತ ಜನ ಗಲಾಟೆ ಮಾಡಿದ್ರು, ಕ್ರಾಫ್ಟ್‌ನೋರು ಅದನ್ನ ತೆಗೆದು ಪ್ಯಾಪ್ರಿಕಾ (ಒಂಥರಾ ಮೆಣಸಿನಪುಡಿ), ಅನ್ನಾಟೊ (ಬಣ್ಣ ಕೊಡೋ ಬೀಜ) ಜೊತೆ ಅರಿಶಿನ ಹಾಕೋಕೆ ಶುರು ಮಾಡಿದ್ರು, ಹೊಸ ಡಬ್ಬಿ ಮಾರಾಟಕ್ಕೆ ಬಂದು ತಿಂಗಳುಗಳಾದ ಮೇಲೆ, 2016ರಲ್ಲಿ, "ಬದಲಾಯಿಸಿದ್ದೀವಿ ನೋಡಿ, ಯಾರಿಗೂ ಗೊತ್ತೇ ಆಗಲಿಲ್ಲ" ಅಂತ ಹೇಳ್ಕೊಂಡ್ರು. ನಿಮ್ಮಮ್ಮ ಮೂವತ್ತು ವರ್ಷ ಮುಂಚೆನೇ ಹಾಕಿದ್ರು, ರಾಯಲ್ಟಿ ಕೇಳಬಹುದಿತ್ತು.

ರುಚಿ ಬಗ್ಗೆ ನನ್ನ ಅಭಿಪ್ರಾಯ ಕೇಳಿದ್ರೆ, ಒಗ್ಗರಣೆ ಇಲ್ಲದ ಮ್ಯಾಕರೋನಿ ಚೀಸ್ ನನ್ನ ಗಂಟಲಲ್ಲಿ ಇಳಿಯಲ್ಲ, ಗೋಡೆಗೆ ಪೋಸ್ಟರ್ ಅಂಟಿಸೋ ಮೈದಾಹಿಟ್ಟಿನ ಗೋಂದಿಗೆ ಉಪ್ಪು ಹಾಕಿದ ಹಾಗೆ. ಅಲ್ಲೇ ಹುಟ್ಟಿ ಬೆಳೆದೋರಿಗೆ ಅದೇ ಅಮೃತ, ಇರ್ಲಿ, ಅವರ ನಾಲಿಗೆ ಅವರದು. "ಅದರಲ್ಲಿ ಕೆಟ್ಟದ್ದು ಏನೂ ಇಲ್ಲ" ಅಂತ ನೀವು ಬರೆದಿರೋದನ್ನ ಮಾತ್ರ ನಾನು ಒಪ್ಪಲ್ಲ, ಉಪ್ಪು ವಿಪರೀತ, ನಾರು ಕಮ್ಮಿ, ದಿನಾ ತಿನ್ನೋ ಊಟ ಅಲ್ಲ ಅದು. ವಾರಕ್ಕೆರಡ್ಮೂರು ಸಲ ತಿಂದು ನೀವು ದೊಡ್ಡವರಾದ್ರಿ ಅನ್ನೋದು ಬೇರೆ ಮಾತು.

ಕೊನೆಗೆ ನಿಮ್ಮ ಪ್ರಶ್ನೆ. ಹಾಸ್ಟೆಲಲ್ಲಿರೋ ಮಗಳಿಗೆ "ಅಜ್ಜಿ ಪಾಸ್ತಾ", ಅಂದ್ರೆ ನಿಮ್ಮಮ್ಮನ ಒಗ್ಗರಣೆ ಮ್ಯಾಕರೋನಿ, ಮಾಡೋಕೆ ಬರಬೇಕು, ಅಜ್ಜಿ ಕೇಳಿದ್ರೆ ಕಣ್ಣಳತೆ ಅಂತಾರೆ, ಅವಳು ಮಾಡಿದ್ರೆ ಮುದ್ದೆ ಆಗುತ್ತೆ ಅಂದಿದ್ದೀರ. ನಮ್ಮ ಆಫೀಸಲ್ಲಿ ಮಾಡಿ ನೋಡಿದ್ವಿ. ಬೇಯಿಸೋ ನೀರಿಗೆ ಉಪ್ಪು ಬೇಡ, ಪುಡೀಲೇ ಸಾಕಷ್ಟಿದೆ. ಡಬ್ಬಿ ಮೇಲಿರೋ ಟೈಮಿಗಿಂತ ಒಂದು ನಿಮಿಷ ಮುಂಚೆ ಇಳಿಸಿ ಬಸೀಬೇಕು, ಅರ್ಧ ಲೋಟ ನೀರು ಎತ್ತಿಟ್ಕೊಂಡಿರ್ಬೇಕು. ಚೀಸ್ ಪುಡಿನ ನೇರ ಬಿಸಿ ಮ್ಯಾಕರೋನಿ ಮೇಲೆ ಸುರಿದ್ರೆ ಗಂಟು ಕಟ್ಟುತ್ತೆ, ಉಗುರುಬೆಚ್ಚಗಿನ ಹಾಲಲ್ಲಿ ಕಲಸಿ ಹಾಕ್ಲಿ. ಒಗ್ಗರಣೆಗೆ ಬೆಣ್ಣೆ ಬದಲು ಎಣ್ಣೆ, ಈರುಳ್ಳಿ ಕೆಂಪಗಾಗೋದು ಬೇಡ, ಮೆತ್ತಗಾದ್ರೆ ಸಾಕು, ಅರಿಶಿನ ಕಡೇಲಿ. ಒಗ್ಗರಣೆ ಸುರಿದ ಮೇಲೆ ಮತ್ತೆ ಸ್ಟವ್ ಮೇಲೆ ಇಡ್ಲೇಬಾರದು, ಗಟ್ಟಿ ಅನ್ನಿಸಿದ್ರೆ ಎತ್ತಿಟ್ಟ ನೀರು ಚೂರು ಚೂರೇ ಬೆರೆಸ್ಕೊಳ್ಲಿ. ಹಾಸ್ಟೆಲಲ್ಲಿ ಸ್ಮೋಕ್ ಅಲಾರಂ ಇದ್ರೆ ಸಾಸಿವೆ ಸಿಡಿಸೋವಾಗ ಕಿಟಕಿ ತೆಗೆದಿಟ್ಕೊಳ್ಳೋಕೆ ಹೇಳಿ.