ಉಳ್ಳಾಲದ ಬಂಡೆ ಭೀಮೆಯ ದಂಡೆಗೆ ಆಗುತ್ತದೆಯೇ?

ಪ್ರಶ್ನೆ: ನನ್ನದು ಭೀಮಾ ನದಿಯ ದಂಡೆಯ ಊರು. ಆರು ವರ್ಷ ಮಂಗಳೂರಿನಲ್ಲಿ ಗೌಂಡಿ ಕೆಲಸ ಮಾಡಿ ಊರಿಗೆ ಮರಳಿದ್ದೇನೆ. ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಲಾರಿಗಟ್ಟಲೆ ಬಂಡೆ ಸುರಿಯುವುದನ್ನು ಕಣ್ಣಾರೆ ಕಂಡವನು ನಾನು. 2020ರ ಅಕ್ಟೋಬರ್ ಪ್ರವಾಹದಿಂದೀಚೆಗೆ ನಮ್ಮ ಹೊಲದ ಅಂಚು ಪ್ರತಿವರ್ಷ ಹೊಳೆಗೆ ಬೀಳುತ್ತಿದೆ. ಪಹಣಿಯಲ್ಲಿ ಮೂರು ಎಕರೆ ಇದೆ, ಅಳೆದರೆ ಎರಡೂವರೆಯೂ ಆಗದು. ಅಕ್ಕಪಕ್ಕದ ನಾಲ್ಕು ಮನೆಯವರು ಹಣ ಕೂಡಿಸಿ ಉಳ್ಳಾಲದ ಹಾಗೆ ಬಂಡೆ ಸುರಿಸೋಣ ಎನ್ನುತ್ತಿದ್ದಾರೆ. ಸುರಿಸಬಹುದೇ?
— ಒಬ್ಬ ರೈತ, ಯಾದಗಿರಿ ತಾಲ್ಲೂಕು

ಉತ್ತರ: ಹಣ ಕೂಡಿಸುವ ಮುನ್ನ ಕೇಳಿದಿರಿ, ಒಳ್ಳೆಯದಾಯಿತು. ಹೊಲದ ಅಂಚಿಗೆ ಲಾರಿ ತಂದು ಮೇಲಿನಿಂದ ಬಂಡೆ ಉರುಳಿಸುವ ಕೆಲಸ ಮಾತ್ರ ಬೇಡ. ಏಕೆ ಎನ್ನುವುದಕ್ಕೆ ಉಳ್ಳಾಲದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನೀವು ಅಲ್ಲಿ ಕಂಡದ್ದು ಒಂದು ದೀರ್ಘ ಕಥೆಯ ಕೊನೆಯ ಭಾಗ.

ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ದೋಣಿಗಳ ದಾರಿ ಹೂಳಿನಿಂದ ಮುಚ್ಚಬಾರದೆಂದು ಅಳಿವೆಯ ಎರಡೂ ಬದಿಗೆ ಕಡಲೊಳಕ್ಕೆ ಚಾಚಿದ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಕಲ್ಲಿನ ಗೋಡೆ, ಕಟ್ಟಿದರು. ಮೀನುಗಾರರಿಗೆ ಅದು ಬೇಕಿತ್ತು, ಅನುಕೂಲವೂ ಆಯಿತು. ಆದರೆ ಕಡಲ ದಂಡೆಯ ಮರಳು ಬಿದ್ದಲ್ಲೇ ಬಿದ್ದಿರುವ ವಸ್ತುವಲ್ಲ. ಅಲೆ ಓರೆಯಾಗಿ ಬಡಿದಾಗಲೆಲ್ಲ ದಂಡೆಯ ಗುಂಟ ಒಂದೊಂದು ಹೆಜ್ಜೆ ನಡೆಯುತ್ತಿರುತ್ತದೆ. ನಡುವೆ ಗೋಡೆ ಎದ್ದರೆ ಒಂದು ಬದಿಯಲ್ಲಿ ಮರಳು ತಂಗುತ್ತದೆ, ಇನ್ನೊಂದು ಬದಿಗೆ ಬರಬೇಕಾದದ್ದು ಬರುವುದಿಲ್ಲ. ಉತ್ತರದ ಬೆಂಗ್ರೆಯಲ್ಲಿ ದಂಡೆ ಬೆಳೆಯಿತು, ದಕ್ಷಿಣದ ಉಳ್ಳಾಲದಲ್ಲಿ ಸವೆಯಿತು. ಮನೆ, ತೆಂಗು ಉಳಿಸಿಕೊಳ್ಳಲು ಬಂಡೆ ಸುರಿದರು. ಬಂಡೆಯ ಹಿಂದಿದ್ದ ಮನೆ ಎಷ್ಟೋ ಕಡೆ ಉಳಿಯಿತು, ಮುಂದಿದ್ದ ಮರಳು ಉಳಿಯಲಿಲ್ಲ. ಗೋಡೆಗೆ ಬಡಿದ ಅಲೆ ಅದೇ ರಭಸದಲ್ಲಿ ಹಿಂದಕ್ಕೆ ಜಾರುತ್ತಾ ಗೋಡೆಯ ಬುಡವನ್ನೇ ಕೆರೆಯುತ್ತದೆ. ಬಂಡೆ ಕುಸಿಯುತ್ತದೆ, ಮರುವರ್ಷ ಮತ್ತೆ ಲಾರಿ ಬರುತ್ತದೆ. ಆಮೇಲೆ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದ ನೆರವಿನಲ್ಲಿ, ಅಲೆಯ ಬಲ ದಂಡೆಗೆ ತಲುಪುವ ಮೊದಲೇ ಮುರಿಯಲೆಂದು, ಉಳ್ಳಾಲದ ಕಡಲೊಳಗೆ ದಿಬ್ಬಗಳನ್ನು ಕಟ್ಟಿದರು. ಅಷ್ಟರಲ್ಲಿ ಕೊರೆತದ ಗೋಳು ಇನ್ನೂ ದಕ್ಷಿಣದ ಸೋಮೇಶ್ವರ, ಉಚ್ಚಿಲದಿಂದ ಕೇಳಿಬರತೊಡಗಿತು.

ಚೆನ್ನೈನಲ್ಲಿ ಇದು ನೂರು ವರ್ಷಕ್ಕೂ ಹಳೆಯ ಪಾಠ. 19ನೇ ಶತಮಾನದ ಕೊನೆಗೆ ಬಂದರು ಕಟ್ಟಿದ ಮೇಲೆ ಅದರ ದಕ್ಷಿಣಕ್ಕೆ ಮರೀನಾ ದಂಡೆ ಅಗಲವಾಗುತ್ತಾ ಹೋಯಿತು. ಉತ್ತರದ ರಾಯಪುರಂ ತನ್ನ ನೆಲ ಕಳೆದುಕೊಂಡಿತು. ಇಂದು ಮರೀನಾದಲ್ಲಿ ಸಂಜೆ ಕಳೆಯುವವರಲ್ಲಿ ಬಹುತೇಕರಿಗೆ ತಮ್ಮ ಕಾಲಡಿಯ ಮರಳು ನಿಜವಾಗಿ ಯಾರ ಪಾಲಿನದು ಎಂಬುದು ತಿಳಿದಿಲ್ಲ.

ಈಗ ನಿಮ್ಮ ಹೊಲಕ್ಕೆ ಬರೋಣ. ಭೀಮೆಯ ದಂಡೆ ಕಡಲ ದಂಡೆಯ ಹಾಗೆ ಸವೆಯುವುದಿಲ್ಲ, ಅದು ಕುಸಿಯುತ್ತದೆ. ಬೇಸಿಗೆಯಲ್ಲಿ ಹೊಳೆಗೆ ಇಳಿದು, ಕಡಿದು ನಿಂತ ನಿಮ್ಮ ದಂಡೆಯನ್ನು ಕೆಳಗಿನಿಂದ ನೋಡಿ. ಮೇಲೆ ಎರೆಮಣ್ಣು, ಅಂಗೈ ತೂರುವಷ್ಟು ಅಗಲದ ಬಿರುಕುಗಳು. ಅದರ ಕೆಳಗೆ ಹಲವು ಕಡೆ ಮರಳು ಬೆರೆತ ಸಡಿಲ ಮಣ್ಣಿನ ಪದರ ಸಿಗುತ್ತದೆ, ಬೆರಳಿನಿಂದ ಕೆದಕಿದರೆ ಉದುರುತ್ತದೆ. ಪ್ರವಾಹದ ನೀರು ಮೊದಲು ತಿನ್ನುವುದು ಈ ಕೆಳಗಿನ ಪದರವನ್ನು. ಮೇಲಿನ ಎರೆ ಚಾಚಿಕೊಂಡು ಉಳಿಯುತ್ತದೆ, ಬಿರುಕಿನಲ್ಲಿ ಇಳಿದ ಮಳೆನೀರಿನಿಂದ ತೂಕ ಏರುತ್ತದೆ, ಒಂದು ದಿನ ಇಡಿಯಾಗಿ ಕಳಚಿ ಬೀಳುತ್ತದೆ.

ನೆನಪು ಮಾಡಿಕೊಳ್ಳಿ: ನಿಮ್ಮ ಹೊಲ ಹೆಚ್ಚು ಬಿದ್ದದ್ದು ನೀರು ಏರುವಾಗಲೋ ಇಳಿಯುವಾಗಲೋ? ನಾನು ಮಾತನಾಡಿಸಿದ ದಂಡೆಯ ರೈತರಲ್ಲಿ ಹೆಚ್ಚಿನವರು ಇಳಿಯುವಾಗ ಎಂದೇ ಹೇಳುತ್ತಾರೆ. 2020ರಲ್ಲಿ ಮಹಾರಾಷ್ಟ್ರದ ಭಾರಿ ಮಳೆಗೆ ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರು ಸೊನ್ನ ಬ್ಯಾರೇಜ್ ದಾಟಿ ನಿಮ್ಮ ಕಡೆ ಬಂತು. ಹೊಳೆ ತುಂಬಿದ್ದಾಗ ಆ ನೀರೇ ದಂಡೆಗೆ ಆನಿಕೆಯಾಗಿರುತ್ತದೆ. ಮೇಲೆ ಗೇಟು ಇಳಿಸಿದೊಡನೆ ಹೊಳೆಯ ಮಟ್ಟ ಸರಕ್ಕನೆ ತಗ್ಗುತ್ತದೆ. ದಂಡೆಯೊಳಗೆ ಹೊಕ್ಕ ನೀರು ಅಷ್ಟು ಬೇಗ ಹೊರಬರಲಾರದು. ಆನಿಕೆ ಹೋಯಿತು, ಭಾರ ಉಳಿಯಿತು.

ಅಂಥ ದಂಡೆಯ ನೆತ್ತಿಗೆ ಬಂಡೆ ಪೇರಿಸಿದರೆ ಭಾರ ಇನ್ನಷ್ಟು ಹೆಚ್ಚುತ್ತದೆ. ಬಂಡೆಗಳ ಸಂದಿಯಿಂದ ಮಣ್ಣು ತೊಳೆದು ಹೋಗಿ ಕಲ್ಲು ಹೂತು ಜಾರುತ್ತದೆ. ಗೌಂಡಿಗಳಾದ ನಿಮಗೆ ಪಾಯವಿಲ್ಲದ ಗೋಡೆಯ ಕಥೆ ನಾನು ಬಿಡಿಸಿ ಹೇಳಬೇಕಿಲ್ಲ. ಇನ್ನು ನಿಮ್ಮ ನಾಲ್ಕು ಹೊಲ ಹೇಗೋ ನಿಂತವು ಎಂದುಕೊಂಡರೂ, ಕಲ್ಲು ಮುಗಿಯುವ ತುದಿಯಲ್ಲಿ ಸುಳಿ ಎದ್ದು ಐದನೆಯವರ ಹೊಲವನ್ನು ಹಿಡಿಯುತ್ತದೆ. ಅವರೂ ನಿಮ್ಮೂರಿನವರೇ.

ಪತ್ರದಲ್ಲಿ ಒಂದು ವಿಷಯ ನೀವು ಬರೆದಿಲ್ಲ: ನಿಮ್ಮ ದಂಡೆಯ ಎದುರು ಮರಳಿನ ಟ್ರ್ಯಾಕ್ಟರ್ ಇಳಿಯುತ್ತದೆಯೇ? ಇಳಿಯುತ್ತಿದ್ದರೆ ಬೇರೆ ಎಲ್ಲ ಉಪಾಯಕ್ಕಿಂತ ಮೊದಲು ಅದು ನಿಲ್ಲಬೇಕು. ದಂಡೆ ಊರಿ ನಿಂತಿರುವುದು ಆ ಮರಳಿನ ಮೇಲೆ. ಬುಡದಲ್ಲಿ ಆಳು ಮುಳುಗುವಷ್ಟು ಗುಂಡಿ ತೋಡಿದರೆ ಮುಂದಿನ ಪ್ರವಾಹ ಆ ಗುಂಡಿಯನ್ನು ನಿಮ್ಮ ಹೊಲದ ಮಣ್ಣಿನಿಂದಲೇ ತುಂಬಿಕೊಳ್ಳುತ್ತದೆ. ಈ ಮಾತನ್ನು ಊರೂರಲ್ಲಿ ಹೇಳುತ್ತಾ ಬಂದಿದ್ದೇನೆ. ಹಗಲು ಕೇಳಿ ತಲೆಯಾಡಿಸಿದ ಊರಿನಲ್ಲೇ ರಾತ್ರಿ ಮರಳು ತುಂಬುವುದನ್ನು ಕಂಡು ಸಂಕಟಪಟ್ಟಿದ್ದೇನೆ.

ಈ ಮರಳಿನ ದಾರಿಯೂ ಕಡಲಿಗೇ ಹೋಗುತ್ತದೆ. ಭೀಮೆ ಕೃಷ್ಣೆಯನ್ನು ಸೇರುತ್ತಾಳೆ, ಕೃಷ್ಣೆ ಆಂಧ್ರದ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತಾಳೆ. ಅಲ್ಲಿನ ಭತ್ತದ ಬಯಲನ್ನು ಕಟ್ಟಿದ್ದು ಸಾವಿರಾರು ವರ್ಷ ಈ ಹೊಳೆಗಳು ಹೊತ್ತು ತಂದ ಮಣ್ಣು, ಮರಳು. ಈಗ ಅದರಲ್ಲಿ ಬಹುಪಾಲು ಶ್ರೀಶೈಲ, ನಾಗಾರ್ಜುನಸಾಗರದಂಥ ಅಣೆಕಟ್ಟುಗಳ ಹಿಂದೆಯೇ ಕೂರುತ್ತದೆ, ಕೃಷ್ಣಾ ಮುಖಜಭೂಮಿಯ ಅಂಚು ಹಲವು ಕಡೆ ಕರಗುತ್ತಿದೆ. ನಮ್ಮ ದೇಶದ ಕಡಲ ದಂಡೆಯಲ್ಲಿ ಸುಮಾರು ಮೂರನೇ ಒಂದು ಪಾಲು 1990ರಿಂದ 2018ರ ನಡುವೆ ಕೊರೆತಕ್ಕೆ ಸಿಕ್ಕಿದೆ ಎಂದು ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದೆ. ಅದಕ್ಕೆಲ್ಲ ಕಡಲೊಂದೇ ಕಾರಣವಲ್ಲ. ಮೇಲಿನಿಂದ ಬರಬೇಕಾದ ಮರಳು ಬರುತ್ತಿಲ್ಲ.

ನೀವು ಮಾಡಬಹುದಾದ್ದು ಇಷ್ಟು. ದಂಡೆಯ ಅಂಚಿನಿಂದ ಇಪ್ಪತ್ತು ಹೆಜ್ಜೆ ಒಳಗೆ ಸಾಲಾಗಿ ಕಲ್ಲಿನ ಗೂಟ ಹುಗಿಯಿರಿ. ಮಳೆಗಾಲಕ್ಕೆ ಮುನ್ನ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ ಗೂಟದಿಂದ ಅಂಚಿಗೆ ಅಳೆದು ಬರೆದಿಡಿ, ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ತಹಶೀಲ್ದಾರರ ಎದುರು ‘ಬಹಳ ಹೋಯಿತು ಸಾಹೇಬರೆ’ ಎನ್ನುವುದಕ್ಕಿಂತ ಈ ಅಳತೆಯ ಪುಸ್ತಕಕ್ಕೆ ಬೆಲೆ ಹೆಚ್ಚು. ಅಂಚಿನವರೆಗೆ ನೇಗಿಲು ಹೊಡೆಯಬೇಡಿ. ಗೂಟದ ಹೊರಗಿನ ಪಟ್ಟಿಯಲ್ಲಿ ತೊಗರಿ, ಹತ್ತಿ ಬಿಟ್ಟು ಹುಲ್ಲು ಬೆಳೆಯಲು ಬಿಡಿ. ಕಷ್ಟದ ಮಾತೆಂದು ಗೊತ್ತು, ಆದರೆ ಆ ಪಟ್ಟಿಯನ್ನು ಹೊಳೆ ಹೇಗೂ ಕೇಳುತ್ತಿದೆ. ಅಂಚಿನಲ್ಲಿ ಲಾವಂಚ ನೆಡಿ. ಅದರ ಬೇರು ನೆಟ್ಟಗೆ ಕೆಳಗಿಳಿಯುತ್ತದೆ, ಒಳ್ಳೆಯ ಮಣ್ಣಿನಲ್ಲಿ ಮೂರು ಮೀಟರ್‌ವರೆಗೂ ಹೋಗುತ್ತದೆ. ಕೆಳಗೆ ಲಕ್ಕಿ, ಹೊಂಗೆ ಹಾಕಿ. ಹೊಲದ ಮಳೆನೀರು ಅಂಚಿನ ಮೇಲೆ ಧುಮುಕದಂತೆ ಬದು ಹಾಕಿ, ಒಂದೇ ಕಡೆ ಕಲ್ಲು ಹಾಸಿದ ಕಾಲುವೆಯಲ್ಲಿ ಇಳಿಸಿ.

ಹೊಳೆ ತಿರುವಿನಲ್ಲಿ ನೇರವಾಗಿ ನಿಮ್ಮ ದಂಡೆಗೇ ಬಡಿಯುತ್ತಿದ್ದರೆ ಹುಲ್ಲು, ಗಿಡ ಸಾಲವು. ಆಗ ದಂಡೆಯನ್ನು ಇಳಿಜಾರಾಗಿ ಕಡಿದು, ಮಣ್ಣು ಸೋರದ ಬಟ್ಟೆ ಹಾಸಿ, ಬುಡದಿಂದ ಮೇಲಕ್ಕೆ ತಂತಿಬಲೆಯ ಕಲ್ಲುಪೆಟ್ಟಿಗೆ ಕೂರಿಸಬೇಕು. ಅದು ನಾಲ್ಕು ಮನೆಯ ಹಣದಲ್ಲಿ ಆಗುವ ಕೆಲಸವಲ್ಲ, ಆಗಲೂಬಾರದು. ಗ್ರಾಮ ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಆಚೆ ದಂಡೆಯ ಊರಿನವರನ್ನೂ ಕೂಡಿಸಿಕೊಂಡು ನೀರಾವರಿ ಇಲಾಖೆಗೆ ಹೋಗಿ, ಇಡೀ ತಿರುವಿಗೆ ಒಂದೇ ನಕ್ಷೆ ಕೇಳಿ.

ಪ್ರಶ್ನೆ: ಜುಲೈನಲ್ಲಿ ಮಂಗಳೂರಿಗೆ ಹೋದಾಗ ಸಮುದ್ರ ರಸ್ತೆಯವರೆಗೆ ಬಂದಿತ್ತು. ಜನವರಿಯಲ್ಲಿ ಅದೇ ಜಾಗದಲ್ಲಿ ಕ್ರಿಕೆಟ್ ಆಡುತ್ತಿದ್ದರು. ಹಾಗಾದರೆ ಕಡಲ್ಕೊರೆತ ತಾನೇ ಸರಿಹೋಗುತ್ತದೆಯೇ?
— ಕಾಲೇಜು ವಿದ್ಯಾರ್ಥಿನಿ, ಬೀದರ್

ಉತ್ತರ: ನೀವು ಕಂಡದ್ದು ದಂಡೆಯ ಪ್ರತಿವರ್ಷದ ಉಸಿರಾಟ. ಮಳೆಗಾಲದ ದೊಡ್ಡ ಅಲೆಗಳು ಮರಳನ್ನು ಎಳೆದು ತುಸು ದೂರದಲ್ಲಿ ನೀರಿನಡಿ ದಿಬ್ಬ ಮಾಡುತ್ತವೆ, ಚಳಿಗಾಲದ ಸಣ್ಣ ಅಲೆಗಳು ಮರಳಿ ತರುತ್ತವೆ. ಹೋದದ್ದೆಲ್ಲ ಬಾರದೆ ಪ್ರತಿವರ್ಷ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಹೋದರೆ ಅದು ಕೊರೆತ. ಆದ್ದರಿಂದ ಹೋಲಿಸುವಾಗ ಜನವರಿಗೆ ಜನವರಿಯನ್ನೇ ಹೋಲಿಸಿ. ಇದರ ಮೇಲೆ ಕಡಲ ಮಟ್ಟವೂ ಏರುತ್ತಿದೆ: 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಏರಿಕೆ ಸುಮಾರು 20 ಸೆಂಟಿಮೀಟರ್, ಇತ್ತೀಚಿನ ವೇಗ ಮೊದಲಿಗಿಂತ ಹೆಚ್ಚು.

ಪ್ರಶ್ನೆ: ಕಲಬುರಗಿಯಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತಂತೆ, ನಿಜವೇ ಎಂದು ಮೊಮ್ಮಗ ಕೇಳುತ್ತಾನೆ. ಏನು ಹೇಳಲಿ?
— ನಿವೃತ್ತ ಶಿಕ್ಷಕಿ, ಕಲಬುರಗಿ

ಉತ್ತರ: ನಿಜವೆಂದೇ ಹೇಳಿ ಅಮ್ಮ. ನಿಮ್ಮ ಅಂಗಳದ ಶಹಾಬಾದ್ ಕಲ್ಲನ್ನೇ ತೋರಿಸಿ. ಅದು ಸುಣ್ಣದ ಕಲ್ಲು, 50 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಕೂತ ಕೆಸರು. ಕಡಿದ ಅಂಚನ್ನು ಒದ್ದೆ ಮಾಡಿ ನೋಡಿದರೆ ಪುಸ್ತಕದ ಹಾಳೆಗಳಂತೆ ಪದರಗಳು ಕಾಣುತ್ತವೆ. ಎಲ್ಲಾದರೂ ಮೂಲೆಯಲ್ಲಿ ಉಗುರಿನಿಂದಲ್ಲ, ಮೊಳೆಯಿಂದ ತುಸು ಗೀರಿ, ಆ ಪುಡಿಯ ಮೇಲೆ ನಿಂಬೆರಸದ ನಾಲ್ಕು ಹನಿ ಹಾಕಿ. ಸಣ್ಣ ಗುಳ್ಳೆ ಏಳುತ್ತವೆ. ಹುಡುಗನ ಕಿವಿಯನ್ನು ಹತ್ತಿರ ತರಿಸಿ, ಮನೆ ನಿಶ್ಶಬ್ದವಾಗಿದ್ದರೆ ಚುಂಯ್ ಎನ್ನುವುದೂ ಕೇಳಿಸೀತು.